ಶಾಲು ನಡೆದವರಿಗೆ, ಡಬರಿ ನಮಗೆ

ನಿನ್ನೆ ನಮ್ಮ ಓಣಿಯಲ್ಲಿ ಶ್ರೀಶೈಲ ಮಲ್ಲಯ್ಯನ ಐದೇಶಿ, ಅಂದರೆ ಪಾದಯಾತ್ರೆ ಮುಗಿಸಿ ಬಂದ ಮೇಲಿನ ಪೂಜೆ, ಊಟ ಇತ್ತು. ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ಹೋಗಿಬಂದ ದೇವರ ಕಂಬಿಗೆ ಪೂಜೆ ಆಯಿತು. ಹುಗ್ಗಿ ಊಟಕ್ಕೆ ಮೊದಲು ಒಂದು ಸಣ್ಣ ಕಾರ್ಯಕ್ರಮ ಅಂದರು. ಸಣ್ಣದು ಅಂತ ಹೇಳಿ ಎರಡು ತಾಸು ಎಳೆದರು. ಪಾದಯಾತ್ರೆ ಮುಗಿಸಿದವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಶಾಲು, ಹಾರ, ಫೋಟೊ. "ಬರಿಗಾಲಲ್ಲಿ ನಡೆದ ಭಕ್ತರು" ಅಂತ ಮೈಕಿನಲ್ಲಿ ಹೊಗಳಿಕೆ. ಅದರಲ್ಲಿ ಅರ್ಧ ಜನ ಸ್ಪೋರ್ಟ್ಸ್ ಶೂ ಹಾಕಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಇರಲಿ, ಬಿಸಿಲಿಗೆ ಹಾಕಿಕೊಳ್ಳಲೇಬೇಕು, ಅದು ತಪ್ಪಲ್ಲ.

ಆ ಹೊತ್ತಿಗೆ ಟೆಂಪೊ ಓಡಿಸಿದ ಹುಡುಗ, ಅಡುಗೆ ಮಾಡಿದ ಕಾಕಾ, ಕತ್ತಲಲ್ಲಿ ಎಲ್ಲರಿಗಿಂತ ಹಿಂದೆ ಬ್ಯಾಟರಿ ಹಿಡಿದು ಬರುತ್ತಿದ್ದ ತಮ್ಮ ಎಲ್ಲಿದ್ದರು ಗೊತ್ತಾ? ಪೆಂಡಾಲಿನ ಹಿಂದೆ ಹುಗ್ಗಿ ಡಬರಿ, ಅಂದರೆ ಅಡುಗೆಯ ದೊಡ್ಡ ಪಾತ್ರೆ, ಇಳಿಸುತ್ತಿದ್ದರು. ನಾನು ಪತ್ರೋಳಿ ಎಣಿಸುತ್ತಿದ್ದೆ. ನಮ್ಮ ಹೆಸರು ಒಮ್ಮೆಯೂ ಮೈಕಿಗೆ ಬರಲಿಲ್ಲ. ಕೊನೆಗೆ ಒಬ್ಬರು "ಸೇವಾ ಮಾಡಿದವರಿಗೂ ಧನ್ಯವಾದಗಳು" ಅಂದರು. ಆಗಲೇ ಜನ ಎದ್ದು ಊಟದ ಪಂಕ್ತಿಗೆ ನುಗ್ಗುತ್ತಿದ್ದರು.

ಶಾಲಿಗೆ ಹೊಟ್ಟೆಕಿಚ್ಚಾ ಅಕ್ಕಾ ಅಂತ ಕೇಳುವವರು ಇದ್ದೀರಿ. ಹೌದು, ಸ್ವಲ್ಪ ಇದೆ. ಮುಚ್ಚಿಡುವುದೇಕೆ. ಆದರೆ ಸಿಟ್ಟು ಅದರದಲ್ಲ.

ಯುಗಾದಿ ಹತ್ತಿರ ಬಂದಾಗ ನಾನು ಇಲ್ಲಿಂದ ಕಾಣೆಯಾಗುವುದು ಯಾಕೆ ಅಂತ ನಿಮಗೆಲ್ಲ ಗೊತ್ತು. ಬೆಂಗಳೂರಿನ ಕಡೆಯ ಗೆಳೆಯರು ಪಾದಯಾತ್ರೆ ಅಂದರೆ ಶಿವರಾತ್ರಿಯ ಧರ್ಮಸ್ಥಳ ಅಂದುಕೊಳ್ಳುತ್ತಾರೆ. ನಮ್ಮದು ಬೇರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ಯುಗಾದಿಗೆ ಸರಿಯಾಗಿ ಶ್ರೀಶೈಲ ಮುಟ್ಟಬೇಕು ಅಂತ ಹೊರಡುತ್ತಾರೆ. ಸೊಲ್ಲಾಪುರ, ಸಾಂಗ್ಲಿ ಕಡೆಯಿಂದಲೂ ಬರುತ್ತಾರೆ. ನಾವು ಹುನಗುಂದ, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು ಹೀಗೆ ಹೋಗುತ್ತೇವೆ. ನಮ್ಮ ಕಡೆಯಿಂದ 400 ಕಿಲೋಮೀಟರ್ ಆಸುಪಾಸು. ಬಿಸಿಲು 40 ಡಿಗ್ರಿ ಮುಟ್ಟುವ ಕಾಲ. ಅದಕ್ಕೇ ಬೆಳಗಿನ ಜಾವ ಮೂರಕ್ಕೆ ಹೊರಟು, ಹತ್ತು ಹನ್ನೊಂದಕ್ಕೆ ಎಲ್ಲಾದರೂ ನೆರಳು ಹಿಡಿದು, ಮತ್ತೆ ಸಂಜೆ ನಡೆಯುವುದು.

ಮೂರಕ್ಕೆ ಹೊರಡುವವರಿಗೆ ಎರಡೂವರೆಗೆ ಚಹಾ ಬೇಕು. ಚಹಾ ಬೇಕಾದರೆ ಯಾರೋ ಎರಡಕ್ಕೆ ಒಲೆ ಹಚ್ಚಬೇಕು. ಆ ಯಾರೋ ಹಿಂದಿನ ರಾತ್ರಿ ಪಾತ್ರೆ ತಿಕ್ಕಿ ಮಲಗಿದ್ದು ಹನ್ನೆರಡಕ್ಕೆ. ಲೆಕ್ಕ ನೀವೇ ಹಾಕಿ.

ಅವರು ನಡೆಯತೊಡಗಿದ ಮೇಲೆ ಹಾಸಿಗೆ, ಬ್ಯಾಗು, ಗ್ಯಾಸ್ ಸಿಲಿಂಡರ್ ಎಲ್ಲ ಟೆಂಪೊಗೆ ಏರಿಸಬೇಕು. ಮಲಗಿದ್ದ ಶಾಲೆಯ ಅಂಗಳ ಗುಡಿಸಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಆ ಶಾಲೆಯವರು ಬೀಗ ತೆಗೆಯುವುದಿಲ್ಲ. ಮುಂದಿನ ಊರಿಗೆ ಅವರಿಗಿಂತ ಮೊದಲು ಮುಟ್ಟಿ ಜಾಗ ನೋಡಬೇಕು. ಗುಡಿ ಇದೆಯಾ, ನಲ್ಲಿಗೆ ನೀರು ಬರುತ್ತದಾ, ಹೆಣ್ಣುಮಕ್ಕಳಿಗೆ ಶೌಚಕ್ಕೆ ಏನು ವ್ಯವಸ್ಥೆ. ಈ ಕೊನೆಯದನ್ನು ಗಂಡಸರ ಸಭೆಯಲ್ಲಿ ಎತ್ತಿದರೆ ಎಲ್ಲರೂ ಚಪ್ಪಲಿ ನೋಡಿಕೊಳ್ಳುತ್ತಾರೆ.

ಆಮೇಲೆ ಕಾಲು. ಎರಡನೇ ದಿನದಿಂದ ಗುಳ್ಳೆ ಶುರು. ಬೆವತ ಸಾಕ್ಸ್ ಒಣಗಿಸದೆ ಅದನ್ನೇ ಮತ್ತೆ ಹಾಕಿಕೊಂಡರೆ ಗುಳ್ಳೆ ಏಳದೆ ಇನ್ನೇನು ಏಳುತ್ತದೆ? ಗುಳ್ಳೆಯ ಮೇಲಿನ ಚರ್ಮ ಕೀಳಬೇಡಿ ಅಂತ ಎಷ್ಟು ಹೇಳಿದರೂ ಕಿತ್ತುಕೊಂಡು ಬರುತ್ತಾರೆ. ಅದನ್ನು ತೊಳೆದು, ಒಣಗಿಸಿ, ಮುಲಾಮು ಹಚ್ಚಿ, ಪಟ್ಟಿ ಕಟ್ಟಬೇಕು. ಸಕ್ಕರೆ ಕಾಯಿಲೆ ಇದ್ದವರ ಕಾಲು ಇನ್ನೂ ಹುಷಾರಾಗಿ ನೋಡಬೇಕು, ಅವರಿಗೆ ಗಾಯ ಆಗಿದ್ದೇ ಗೊತ್ತಾಗುವುದಿಲ್ಲ. ತೊಡೆ ಉಜ್ಜಿ ಕೆಂಪಾದವರು ಹೇಳಿಕೊಳ್ಳಲು ನಾಚುತ್ತಾರೆ. ಅವರ ನಡಿಗೆ ನೋಡಿ ನಾವೇ ಕೊಬ್ಬರಿ ಎಣ್ಣೆ ಡಬ್ಬಿ ಕೈಗೆ ಕೊಡಬೇಕು.

ಇದನ್ನೆಲ್ಲ ಮಾಡುವವರು ಬೆರಳೆಣಿಕೆಯಷ್ಟು ಜನ. ಪ್ರತಿ ವರ್ಷ ಅವರೇ. ನಡೆಯುವವರ ಪಟ್ಟಿ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂಜೆಯೇ ತುಂಬುತ್ತದೆ. ಸೇವೆಯ ಪಟ್ಟಿಗೆ ಕೈಮುಗಿದ ಚಿತ್ರ ಬರುತ್ತದೆ, ಹೆಸರು ಬರುವುದಿಲ್ಲ.

ನಡೆಯುವವರ ಗತ್ತು ನೋಡಬೇಕು ನೀವು! ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಮನೆ ಮಗಳು, ಮಲ್ಲಯ್ಯ ಅಳಿಯ ಅಂತ ನಮ್ಮ ಕಡೆಯವರು ಸೀರೆ, ಬಳೆ, ಅರಿಶಿನ ಒಯ್ಯುವುದು ಪದ್ಧತಿ. ಅಂದರೆ ನಾವು ಹೆಣ್ಣಿನ ಕಡೆಯವರು. ಹೆಣ್ಣಿನ ಕಡೆಯವರು ಎಲ್ಲಾದರೂ ಇಷ್ಟು ದರ್ಪ ಮಾಡುತ್ತಾರಾ? ಇವರು ದಾರಿಯುದ್ದಕ್ಕೂ ಗಂಡಿನ ಕಡೆಯ ಬೀಗರ ಹಾಗೆ. "ಅಕ್ಕಾ, ಉಪ್ಪಿಟ್ಟು ತಣ್ಣಗಾಗೇತಲ್ಲ?" "ಅಕ್ಕಾ, ನನ್ ಬ್ಯಾಗ್ ಎಲ್ಲಿ ಒಗದೀರಿ?" "ನಿನ್ನೆನೂ ಅನ್ನ ಸಾರು, ಇವತ್ತೂ ಅನ್ನ ಸಾರೇನ್ರೀ?" ಒಬ್ಬ ಮಹಾನುಭಾವ ಊಟ ಮಾಡಿದ ತಟ್ಟೆಯನ್ನು ಕುಳಿತಲ್ಲೇ ಬಿಟ್ಟು ಎದ್ದ. ತೊಳಿ ತಮ್ಮಾ ಅಂದೆ. "ಕಾಲು ಭಾಳ ನೋಯಾಕತ್ತಾವ್ರೀ" ಅಂದ. ತಟ್ಟೆ ತೊಳೆಯುವುದು ಕೈಯಿಂದ ಅಂತ ನಾನು ತಿಳಿದಿದ್ದೆ.

ಇನ್ನೊಂದು ಮಾತು. ಅಷ್ಟೇ ದೂರ ನಡೆದು ಬಂದ ಹೆಣ್ಣುಮಕ್ಕಳು ರಾತ್ರಿ ಬಂದವರೇ ಸೆರಗು ಸಿಕ್ಕಿಸಿ ಉಳ್ಳಾಗಡ್ಡಿ ಹೆಚ್ಚಲು ಕೂರುತ್ತಾರೆ. ಯಾರೂ ಹೇಳಬೇಕಿಲ್ಲ. ಗಂಡಸರು ಗೋಡೆಗೆ ಕಾಲೆತ್ತಿ ಮಲಗಿ ಇವತ್ತು ಎಷ್ಟು ಹೆಜ್ಜೆ ಆಯಿತು ಅಂತ ಮೊಬೈಲ್ ನೋಡಿಕೊಳ್ಳುತ್ತಾರೆ. ಇದನ್ನು ಇಲ್ಲಿಗೇ ಬಿಡುತ್ತೇನೆ. ಬಿಡದಿದ್ದರೆ ಬರಹ ಬೇರೆ ಕಡೆ ಹೋಗುತ್ತದೆ.

ಇದಕ್ಕೆ ಅವರದೂ ಒಂದು ಉತ್ತರ ಇದೆ. ಹರಕೆ. "ಪೂರಾ ನಡೀತೀನಿ ಅಂತ ಬೇಡಿಕೊಂಡೀನಿ ಅಕ್ಕಾ. ಒಂದು ದಿನ ಟೆಂಪೊದಾಗ ಕುಂತ್ರ ಹರಕೆ ಮುರೀತೈತಿ." ನಿಜವಾಗಿ ಹರಕೆ ಹೊತ್ತವರ ಮುಂದೆ ನಾನು ಬಾಯಿ ತೆರೆಯುವುದಿಲ್ಲ. ಈ ದಾರಿಯಲ್ಲಿ ಮರಗಾಲು ಕಟ್ಟಿಕೊಂಡು ನಡೆಯುವವರನ್ನು ನೋಡಿದ್ದೇನೆ. ಹೆಗಲ ಮೇಲೆ ಕಂಬಿ ಹೊತ್ತವರು ಅದನ್ನು ಎಲ್ಲೆಂದರಲ್ಲಿ ನೆಲಕ್ಕಿಡುವ ಹಾಗಿಲ್ಲ. ಅವರಿಗೆ ಅಡ್ಡಬೀಳುತ್ತೇನೆ, ಅವರ ತಟ್ಟೆ ನಾನೇ ತೊಳೆಯುತ್ತೇನೆ. ಆದರೆ ನಮ್ಮ ಗುಂಪಿನ ಎಲ್ಲರದೂ ಹರಕೆಯಾ? ರೀಲ್ಸ್ ಮಾಡಲು ಬೈಕ್ ಹತ್ತಿ ಮುಂದೆ ಹೋಗಿ, ಇಳಿದು, ಮತ್ತೆ ನಡೆದು ಬಂದವರನ್ನು ಕಂಡಿದ್ದೇನೆ. ಆಗ ಮುರಿಯದ ಹರಕೆ ಪಾತ್ರೆ ತಿಕ್ಕಿದರೆ ಹೇಗೆ ಮುರಿಯುತ್ತದೆ? ಪಾತ್ರೆ ತಿಕ್ಕಲು ಟೆಂಪೊ ಹತ್ತಬೇಕು ಅಂತಲೂ ಇಲ್ಲ. ರಾತ್ರಿ ತಂಗಿದಲ್ಲೇ ತಿಕ್ಕಬಹುದು.

ಇನ್ನು ಕೆಲವರು, "ತಲೆಗಿಷ್ಟು ಅಂತ ದುಡ್ಡು ಕೊಟ್ಟೀವಲ್ಲ, ಆಳು ಇಡ್ರಿ" ಅನ್ನುತ್ತಾರೆ. ಕೊಟ್ಟಿದ್ದೀರಿ. ಅದು ಅಕ್ಕಿ, ಗ್ಯಾಸು, ಡೀಸೆಲ್‌ಗೆ ಸರಿಹೋಗುತ್ತದೆ. ನಿಮ್ಮ ಕೀವು ತುಂಬಿದ ಗುಳ್ಳೆ ತೊಳೆಯಲು ಯಾವ ಆಳು ಬರುತ್ತಾನೆ ಹೇಳಿ, ಅವನ ಕೂಲಿ ನಾನು ಕೊಡುತ್ತೇನೆ.

ದಾರಿಯ ಊರುಗಳನ್ನು ನೋಡಿದರೆ ಇನ್ನೂ ನಾಚಿಕೆಯಾಗುತ್ತದೆ. ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ, ಕಲ್ಲಂಗಡಿ, ಸೂಸಲಾ ಇಟ್ಟುಕೊಂಡು ರಸ್ತೆಗೆ ಬಂದು ಕೈ ಹಿಡಿದು ಎಳೆಯುತ್ತಾರೆ. ಬಿಸಿನೀರು ಕಾಯಿಸಿ, ಎಣ್ಣೆ ಹಚ್ಚಿ ಕಾಲು ಒತ್ತುತ್ತಾರೆ. ತುಂಗಭದ್ರೆ ದಾಟಿ ಕರ್ನೂಲು ಕಡೆ ಹೋದರೆ ನಮ್ಮ ಮಾತು ಅವರಿಗೆ ಬಾರದು, ಅವರದು ನಮಗೆ ಬಾರದು. "ಕೂರ್ಚೋಂಡಿ ಸ್ವಾಮಿ, ಮಜ್ಜಿಗ ತಾಗಂಡಿ" ಅನ್ನುತ್ತಾ ಲೋಟ ಹಿಡಿದು ನಿಂತಿರುತ್ತಾರೆ. ಅವರಲ್ಲಿ ಎಷ್ಟೋ ಜನ ಒಮ್ಮೆಯೂ ಶ್ರೀಶೈಲಕ್ಕೆ ನಡೆದಿಲ್ಲ. ಹೊಲದ ಕೆಲಸ ಬಿಟ್ಟು ಬಂದು ನಿಂತವರು. ನಮ್ಮವರು ಎರಡು ಗುಟುಕು ಕುಡಿದು ಲೋಟವನ್ನು ಅವರ ಹೊಲದ ಬದುವಿಗೇ ಒಗೆದು ಮುಂದೆ ಹೋಗುತ್ತಾರೆ. ಹಿಂದಿನಿಂದ ಚೀಲ ಹಿಡಿದು ಆರಿಸುವವಳು ನಾನು. ಸಂಜೆ ಇದೇ ಜನ ಸುತ್ತ ಕೂತು ಬಸವಣ್ಣನವರ ದಾಸೋಹದ ಬಗ್ಗೆ ಭಾಷಣ ಕೇಳುತ್ತಾರೆ. ತಲೆಯನ್ನೂ ಆಡಿಸುತ್ತಾರೆ. ಡಬರಿ ತಳ ಹತ್ತಿ ಪಕ್ಕದಲ್ಲೇ ಬಿದ್ದಿರುತ್ತದೆ.

ಆದರೆ ನನ್ನ ತಲೆ ತಿನ್ನುವುದು ಬೇರೆ. ಇವರು ಕೆಟ್ಟವರಲ್ಲ. ಅದೇ ಸಮಸ್ಯೆ.

ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು ಹಿಡಿಯಬೇಕಲ್ಲ, ಅಲ್ಲಿಂದ ಟೆಂಪೊ ಬರುವುದಿಲ್ಲ. ಅದು ದೋರ್ನಾಲದ ಮೇಲೆ ಸುತ್ತುಹಾಕಿ ಶ್ರೀಶೈಲ ಮುಟ್ಟಬೇಕು. ನಡೆಯುವವರು ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ಅಂತ ಕಾಡೊಳಗೆ ಹೋಗಬೇಕು. ಹುಲಿ ಸಂರಕ್ಷಿತ ಕಾಡು ಅದು. ದಾಸೋಹದವರು ಅಲ್ಲಲ್ಲಿ ನೀರು, ಊಟ ಇಟ್ಟಿರುತ್ತಾರೆ. ನಡುವಿನ ದಾರಿಗೆ ಮಾತ್ರ ಅವರವರ ಬಾಟಲಿ, ಅವರವರ ಚೀಲ. ಈ ಒಂದು ಪಾಲು ನಡೆಯುವುದನ್ನು ನಾನು ಯಾವ ವರ್ಷವೂ ಬಿಟ್ಟುಕೊಡುವುದಿಲ್ಲ. ಸತ್ಯ ಹೇಳಬೇಕೆಂದರೆ ಗುಡಿಯೊಳಗೆ ನೂಕುನುಗ್ಗಲಲ್ಲಿ ನಿಂತಾಗ ನನಗೆ ಭಕ್ತಿಗಿಂತ ಸಿಡುಕೇ ಜಾಸ್ತಿ ಬರುತ್ತದೆ. ನನ್ನ ಶ್ರೀಶೈಲ ಆ ಕಾಡಿನಲ್ಲೇ ಮುಗಿದಿರುತ್ತದೆ. ಮಾವನವರು ಇದನ್ನು ಓದಿದರೆ ಬೈಯುತ್ತಾರೆ, ಓದಲಿ.

ಆ ಕಾಡಿನಲ್ಲಿ ಇದೇ ಜನರನ್ನು ನೋಡಬೇಕು ನೀವು. ತಟ್ಟೆ ಬಿಟ್ಟು ಎದ್ದನಲ್ಲ, ಅದೇ ಹುಡುಗ ಯಾರದೋ ಮುದುಕಿಯ ಗಂಟನ್ನು ತನ್ನ ಚೀಲದ ಮೇಲೆ ಹೇರಿಕೊಂಡಿದ್ದ. ಭೀಮುನಿ ಕೊಲನಿನ ಕಡಿದಾದ ಮೆಟ್ಟಿಲಲ್ಲಿ ಇಳಿಯುವವರಿಗೆ ಕೈ ಕೊಡುತ್ತಾ ನಿಂತ. ಮತ್ತೆ ಕೈಲಾಸ ದ್ವಾರಕ್ಕೆ ಏರುವಾಗ ಬಾಟಲಿಯಲ್ಲಿ ಉಳಿದ ಒಂದು ಗುಟುಕು ನೀರನ್ನು ಪರಿಚಯವೇ ಇಲ್ಲದ ಅಜ್ಜನಿಗೆ ಕುಡಿಸಿದ. "ಕಾಲು ನೋಯಾಕತ್ತಿಲ್ಲೇನೊ ತಮ್ಮಾ?" ಅಂತ ಚುಚ್ಚಿದೆ. ನಕ್ಕ. "ಇಲ್ಲಿ ಮತ್ಯಾರು ಅದಾರ್ರೀ ಅಕ್ಕಾ ನೋಡೋರು?" ಅಂದ.

ಈ ಮಾತು ಕೇಳಿ ಸಂತೋಷಪಡಲೋ, ಕಪಾಳಕ್ಕೆ ಬಿಡಲೋ ಗೊತ್ತಾಗಲಿಲ್ಲ. ಇಲ್ಲಿ ಯಾರೂ ಇಲ್ಲ ಅಂತ ನೀನು ಮಾಡುತ್ತೀಯ. ಅಲ್ಲಿ ನಾವು ಇದ್ದೇವೆ ಅಂತ ಬಿಡುತ್ತೀಯ. ಅಂದರೆ ಇವರನ್ನು ಬೀಗರು ಮಾಡಿದ್ದು ನಮ್ಮ ಟೆಂಪೊ!

ಹಾಗಂತ ಟೆಂಪೊ ತೆಗೆದುಬಿಡಿ ಅನ್ನುವ ಶೂರರೂ ಇದ್ದಾರೆ. "ಅಕ್ಕಮಹಾದೇವಿ ಶ್ರೀಶೈಲಕ್ಕೆ ಹೋದಾಗ ಹಿಂದೆ ಟೆಂಪೊ ಇತ್ತೇನು?" ಇರಲಿಲ್ಲಪ್ಪ. ಆಗ ಕತ್ತಲಲ್ಲಿ ಹಿಂದಿನಿಂದ ಬಂದು ಗುದ್ದುವ ಲಾರಿಯೂ ಇರಲಿಲ್ಲ. ಬೆಳಗಿನ ಜಾವದ ಹೆದ್ದಾರಿಯಲ್ಲಿ ಸಾಲಿನ ಕೊನೆಗೆ ಹೊಳೆಯುವ ಜಾಕೆಟ್ ಹಾಕಿಕೊಂಡು, ಕೆಂಪು ದೀಪ ಬೀಸುತ್ತಾ ಒಬ್ಬ ಬರಲೇಬೇಕು. ಬಿಸಿಲಿಗೆ ತಲೆ ತಿರುಗಿದವರನ್ನು ಮಲಗಿಸಲು ಗಾಡಿ ಬೇಕೇ ಬೇಕು. ಟೆಂಪೊ ಇರಬೇಕು. ಅದರಲ್ಲಿ ವರ್ಷ ವರ್ಷ ಅದೇ ಮುಖಗಳು ಇರಬಾರದು, ಅಷ್ಟೇ ನನ್ನ ತಕರಾರು.

ಭಜನೆ ಮಾಡುತ್ತಾ ಪಂಢರಪುರಕ್ಕೆ ನಡೆದು ಹೋಗುವ ಗುಂಪುಗಳು, ಅಂದರೆ ದಿಂಡಿಗಳಲ್ಲೂ ಸಾಮಾನಿನ ಗಾಡಿ ಮುಂದೆ ಹೋಗುತ್ತದೆ. ಆದರೆ ಅಲ್ಲಿ ವೀಣೆ ಹಿಡಿಯುವವನು ಯಾರು, ತಾಳದವರು ಯಾರು, ನೀರಿನವರು ಯಾರು ಅಂತ ಗೊತ್ತಿರುತ್ತದೆ. ನಮ್ಮಲ್ಲಿ ಗೊತ್ತಿರುವುದು ಶಾಲು ಯಾರಿಗೆ ಅನ್ನುವುದು ಒಂದೇ.

ನಿನ್ನೆ ರಾತ್ರಿ ಡಬರಿ ತೊಳೆದು ಮುಗಿದ ಮೇಲೆ ಹಿರಿಯರ ಹತ್ತಿರ ಹೋಗಿ ಹೇಳಿಬಂದಿದ್ದೇನೆ. ಮುಂದಿನ ವರ್ಷದಿಂದ ಪಟ್ಟಿ ಒಂದೇ. ಹೆಸರಿನ ಮುಂದೆ ಯಾವ ದಿನದ ಕೆಲಸ ಅಂತ ಬರೆಸದಿದ್ದರೆ ನಡೆಯುವ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಕಂಬಿ ಹೊತ್ತವರಿಗೆ, ವಯಸ್ಸಾದವರಿಗೆ ವಿನಾಯಿತಿ. ತಟ್ಟೆ, ಲೋಟ ಮನೆಯಿಂದ ತರಬೇಕು, ಅವರವರದು ಅವರವರೇ ತೊಳೆಯಬೇಕು. ಹಿರಿಯರು ಗಂಟಲು ಸರಿಮಾಡಿಕೊಂಡು, "ನೋಡೋಣ ತಂಗಿ, ಎಲ್ಲಾರನ್ನೂ ಕೇಳಬೇಕಾಗ್ತೈತಿ" ಅಂದರು. ನಮ್ಮ ಕಡೆ ನೋಡೋಣ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಅದಕ್ಕೇ ಇಲ್ಲಿ ಬರೆದೆ. ಗುಂಪಿನವರು ಅರ್ಧಕ್ಕಿಂತ ಜಾಸ್ತಿ ಜನ ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದೀರಿ. ಕಮೆಂಟಿನಲ್ಲಿ ಸುಮ್ನೆ ಕೈಮುಗಿದು ಹೋಗಬೇಡಿ. ನಸುಕಿನ ಚಹಾ, ಬ್ಯಾಗು ಏರಿಸುವುದು, ಪಾತ್ರೆ, ಕಾಲಿನ ಪಟ್ಟಿ, ಸಾಲಿನ ಕೊನೆ. ಈ ಐದರಲ್ಲಿ ಒಂದು ಬರೆಯಿರಿ. ಕಾಲಿನ ಪಟ್ಟಿ ನಾನು ಹಿಡಿದಿದ್ದೇನೆ, ಅದಕ್ಕೆ ಇನ್ನಿಬ್ಬರು ಬೇಕು. ಪಾತ್ರೆಗೆ ಆ ತಟ್ಟೆ ಹುಡುಗನ ಹೆಸರು ನಾನೇ ಬರೆದಾಗಿದೆ. ಅವನಿಗೆ ಇನ್ನೂ ಗೊತ್ತಿಲ್ಲ. ಯಾರಾದರೂ ಟ್ಯಾಗ್ ಮಾಡಿ.