ಬೆಳೆಯದ ನಾಯಿ ಬೇಕಾಗಿದೆ

ನಾಯಿಮರಿ ನೋಡಲು ಹೋದವರು ಏನೇನು ಕೇಳಬೇಕು? ಎಷ್ಟು ವಾರದ ಮರಿ, ಲಸಿಕೆ ಹಾಕಿಸಿದ್ದೀರಾ, ಜಂತುಹುಳದ ಔಷಧಿ ಕೊಟ್ಟಿದ್ದೀರಾ, ತಾಯಿ ಎಲ್ಲಿ. ಯಾರ್ಕ್‌ಷೈರ್ ಟೆರಿಯರ್, ಅಂದರೆ ಯಾರ್ಕಿ ಅನ್ನುವ ಪುಟ್ಟ ತಳಿಯ ನಾಯಿ ಕೊಳ್ಳಲು ಹೋದವರು ಇದ್ಯಾವುದನ್ನೂ ಕೇಳುವುದಿಲ್ಲ. ಅವರದು ಒಂದೇ ಪ್ರಶ್ನೆ: "ದೊಡ್ಡದಾದ ಮೇಲೆ ದೊಡ್ಡದಾಗಲ್ಲ ತಾನೇ?"

ಮಾರುವವನಿಗೆ ಉತ್ತರ ಬಾಯಿಪಾಠ. "ಆಗೋದೇ ಇಲ್ಲ ಮೇಡಂ. ಟೀಕಪ್ ಲೈನ್ ಇದು. ಒಂದೂವರೆ ಕೆಜಿ ದಾಟಿದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ." ಹೆಸರು ಏನಂತ ಅವನು ಹೇಳಿರುವುದೇ ಇಲ್ಲ. ವಾಟ್ಸಾಪ್‌ನಲ್ಲಿ ಅವನ ಮುಖದ ಜಾಗದಲ್ಲಿ ನಾಯಿಯ ಮುಖ ಇರುತ್ತದೆ.

ಆ ರೀಲ್ ನೀವೂ ನೋಡಿರುತ್ತೀರಿ. ಬಿಳಿ ಪಿಂಗಾಣಿ ಕಪ್, ಅದರೊಳಗೆ ಮರಿ. ಜುಟ್ಟಿಗೆ ಗುಲಾಬಿ ರಿಬ್ಬನ್. ಕಣ್ಣು ಅರ್ಧ ಮುಚ್ಚಿದೆ, ಗದ್ದ ಕಪ್ಪಿನ ಅಂಚಿಗೆ ಒರಗಿದೆ. ಕೆಳಗೆ ಸಾಲುಸಾಲು ಹೃದಯ. "ಅಯ್ಯೋ ಬಂಗಾರ, ಹೇಗೆ ನಿದ್ದೆ ಮಾಡ್ತಿದೆ ನೋಡಿ!" ಅದು ನಿದ್ದೆಯೇ ಆಗಿರಬಹುದು. ಅಥವಾ ಮೂರು ತಾಸಿನಿಂದ ಹೊಟ್ಟೆಗೆ ಏನೂ ಬೀಳದೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಇಷ್ಟು ಸಣ್ಣ ಮರಿಗಳಲ್ಲಿ ಅದು ಮಾಮೂಲು. ತೂಗಾಡುತ್ತವೆ, ಬಿದ್ದುಬಿಡುತ್ತವೆ, ಒಸಡಿಗೆ ಜೇನುತುಪ್ಪ ಸವರಿಕೊಂಡು ಡಾಕ್ಟರ ಹತ್ತಿರ ಓಡಬೇಕಾಗುತ್ತದೆ. ರೀಲಿನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ದರದ ಲೆಕ್ಕಾಚಾರವಂತೂ ಅರ್ಥಶಾಸ್ತ್ರದವರು ಕೂತು ಓದಬೇಕಾದ್ದು. ಬೆಂಗಳೂರಿನಲ್ಲಿ ಸೈಟಿಗೆ ಚದರ ಅಡಿ ಲೆಕ್ಕ. ಜಾಗ ಜಾಸ್ತಿಯಾದರೆ ದುಡ್ಡು ಜಾಸ್ತಿ. ಇಲ್ಲಿ ತಿರುಗುಮುರುಗು. ಮೂರು ಕೆಜಿ ನಾಯಿಗೆ ಒಂದು ರೇಟು, ಎರಡು ಕೆಜಿಗೆ ಅದಕ್ಕಿಂತ ಜಾಸ್ತಿ, ಒಂದೂವರೆಗೆ ಬಾಯಿಮೇಲೆ ಬೆರಳಿಡುವಷ್ಟು. ಇದೇ ಲೆಕ್ಕದಲ್ಲಿ ಹೋದರೆ ನಾಯಿಯನ್ನೇ ಕೊಡದೆ ಬರೀ ರಿಬ್ಬನ್ ಕೊಟ್ಟವನು ಕೋಟ್ಯಧೀಶನಾಗಬೇಕು. ಟಾಯ್ ಆಯಿತು, ಟೀಕಪ್ ಆಯಿತು, ಮೈಕ್ರೋ ಟೀಕಪ್ ಬಂತು. ಇನ್ನು ಬೈಟು ಬಂದರೂ ಆಶ್ಚರ್ಯ ಇಲ್ಲ.

ಕೋಟಿ ಅಂದಾಗ 2025ರ ಆ ತೋಳ-ನಾಯಿ ನೆನಪಾಯಿತು. ಮರೆಯುವುದಾದರೂ ಹೇಗೆ? ಬೆಂಗಳೂರಿನಲ್ಲಿ ಒಬ್ಬರು 50 ಕೋಟಿ ಕೊಟ್ಟು ತೋಳದ ಬೆರಕೆಯ ನಾಯಿ ತಂದಿದ್ದಾರೆ ಅಂತ ಸುದ್ದಿಯಾಗಿದ್ದೇ ಆಗಿದ್ದು, ಇ.ಡಿ.ಯವರು ಬಾಗಿಲು ಬಡಿದರು. ಕೋಟಿಗಳ ಸುಳಿವೇ ಸಿಗಲಿಲ್ಲ. ಅಲ್ಲಿವರೆಗೆ ಆ ನಾಯಿಯ ಜೊತೆ ಸೆಲ್ಫಿ ತೆಗೆಸಿಕೊಳ್ಳಲು ಎಷ್ಟು ನೂಕುನುಗ್ಗಲು! ನಮ್ಮವರಿಗೆ ನಾಯಿಯೆಂದರೆ ಒಂದೋ ತೋಳದಷ್ಟಿರಬೇಕು, ಇಲ್ಲಾ ಇಲಿಯಷ್ಟಿರಬೇಕು. ನಾಯಿಯಷ್ಟಿರುವ ನಾಯಿ ಯಾರಿಗೂ ಬೇಡ.

ಇಲಿಯ ಮಾತು ಬಂತಲ್ಲ, ಯಾರ್ಕಿ ಹುಟ್ಟಿದ್ದೇ ಇಲಿ ಹಿಡಿಯಲು. ಹತ್ತೊಂಬತ್ತನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಕೆಲಸ ಹುಡುಕಿಕೊಂಡು ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆ ಬಂದ ನೇಕಾರರು, ಗಿರಣಿ ಕೂಲಿಗಳು ತಮ್ಮ ಪುಟ್ಟ ಟೆರಿಯರ್‌ಗಳನ್ನೂ ಕಟ್ಟಿಕೊಂಡು ಬಂದರು. ಬಟ್ಟೆ ಗಿರಣಿ ತುಂಬ ಇಲಿ. ನಾಯಿಗೆ ಕೈತುಂಬ ಕೆಲಸ. ಈ ತಳಿಯ ಮೂಲಪುರುಷ ಅಂತ ಕರೆಸಿಕೊಳ್ಳುವ ಹಡರ್ಸ್‌ಫೀಲ್ಡ್ ಬೆನ್ 1865ರಲ್ಲಿ ಹುಟ್ಟಿದ. ಪ್ರದರ್ಶನಗಳಲ್ಲೂ ಬಹುಮಾನ ಹೊಡೆದ, ಇಲಿ ಹಿಡಿಯುವ ಪಂದ್ಯಗಳಲ್ಲೂ ಹೊಡೆದ. 1871ರಲ್ಲಿ ಗಾಡಿಗೆ ಸಿಕ್ಕಿ ಸತ್ತ. ತೂಕ ಐದು ಕೆಜಿ ಆಸುಪಾಸು. ಇವತ್ತು ಅದೇ ಬೆನ್ ಬಂದು ಮಾರಾಟಕ್ಕೆ ನಿಂತರೆ "ಓವರ್‌ಸೈಜ್ ಪೀಸ್ ಸರ್, ಡಿಸ್ಕೌಂಟ್ ಮಾಡ್ಕೊಡ್ತೀನಿ" ಅನ್ನುತ್ತಾರೆ. ಇವತ್ತಿನ ಟೀಕಪ್ ಮರಿಯನ್ನು ಆ ಗಿರಣಿಗೆ ಬಿಟ್ಟಿದ್ದರೆ ಇಲಿಗಳೇ ಕನಿಕರಪಟ್ಟು ಎತ್ತಿಕೊಂಡು ಹೋಗಿ ಸಾಕುತ್ತಿದ್ದವು.

ಹಾಗಂತ ಸಣ್ಣ ನಾಯಿಯನ್ನು ಬೈಯುತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಸ್ಮೋಕಿ ಅಂತ ಒಂದು ಯಾರ್ಕಿ ಇತ್ತು. 1944ರಲ್ಲಿ ನ್ಯೂಗಿನಿಯ ಕಾಡಿನಲ್ಲಿ, ಸೈನಿಕರು ತೋಡಿದ ಗುಂಡಿಯೊಂದರಲ್ಲಿ ಸಿಕ್ಕಿದ ಹೆಣ್ಣು ನಾಯಿ. ತೂಕ 4 ಪೌಂಡ್, ಅಂದರೆ ಎರಡು ಕೆಜಿಯೂ ಇಲ್ಲ. ಫಿಲಿಪ್ಪೀನ್ಸ್‌ನಲ್ಲಿ ವಿಮಾನಗಳು ಇಳಿಯುವ ಪಟ್ಟಿಯ ಅಡಿಯಲ್ಲಿ 70 ಅಡಿ ಉದ್ದದ ಕೊಳವೆಯೊಳಗೆ ನುಗ್ಗಿ ಟೆಲಿಫೋನ್ ತಂತಿ ಎಳೆದುಕೊಂಡು ಹೋದಳು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂದರೆ ಇದು. ಆದರೆ ಸ್ಮೋಕಿಯನ್ನು ಯಾರೂ ಕಪ್ಪಿನ ಅಳತೆ ಹಿಡಿದು ಹುಟ್ಟಿಸಿರಲಿಲ್ಲ. ಯಾರೂ ಅವಳನ್ನು ಕಪ್ಪಿನಲ್ಲಿ ಕೂರಿಸಿ ದರ ಹೇಳಿರಲಿಲ್ಲ.

ಕಪ್ಪಿನ ಅಳತೆಯ ದಾಖಲೆಯೂ ಒಂದಿದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಒಂದು ಯಾರ್ಕಿ ಜಗತ್ತಿನ ಅತಿ ಸಣ್ಣ ನಾಯಿ ಅಂತ ಹೆಸರಾಯಿತು. ಎತ್ತರ ಎರಡೂವರೆ ಇಂಚು, ತೂಕ ಸುಮಾರು 113 ಗ್ರಾಂ. 1945ರಲ್ಲಿ ಸತ್ತಿತು. ಆಗ ಅದಕ್ಕೆ ಎರಡು ವರ್ಷವಾಗುವುದರಲ್ಲಿತ್ತು. ದಾಖಲೆ ಎಲ್ಲರಿಗೂ ಇಷ್ಟ, ಆ ಎರಡು ವರ್ಷ ಯಾರೂ ಓದುವುದಿಲ್ಲ.

ನಾಯಿ ತಳಿಗಳಿಗೆ ಅಳತೆ ನಿಗದಿ ಮಾಡುವ ಅಮೆರಿಕದ ಕೆನಲ್ ಕ್ಲಬ್ಬಿನ ಪ್ರಕಾರ ಯಾರ್ಕಿ 7 ಪೌಂಡ್, ಅಂದರೆ 3.2 ಕೆಜಿ ದಾಟಬಾರದು. ಬ್ರಿಟನ್ನಿನವರೂ ಅಷ್ಟೇ ಹೇಳುತ್ತಾರೆ. ಟೀಕಪ್ ಅನ್ನುವ ವರ್ಗ ಇಬ್ಬರಲ್ಲೂ ಇಲ್ಲ. ಆ 3.2 ಕೂಡ ಪ್ರದರ್ಶನಕ್ಕೆ ನಿಲ್ಲುವ ನಾಯಿಗೆ. ನಿಮ್ಮ ಮನೆಯ ಸೋಫಾ ಮೇಲೆ ಮಲಗುವ ನಾಯಿ ನಾಲ್ಕು ಕೆಜಿ ಆದರೆ ಯಾವ ತೀರ್ಪುಗಾರನೂ ಬಂದು ಅಂಕ ಕಳೆಯುವುದಿಲ್ಲ.

ನಮ್ಮ ಸರ್ಕಾರದ ಲೆಕ್ಕವೇ ಬೇರೆ. ದೊಡ್ಡ ನಾಯಿ ಕಂಡರೆ ಅದಕ್ಕೆ ಎದೆ ಢವಢವ. 2024ರ ಮಾರ್ಚ್‌ನಲ್ಲಿ ಕೇಂದ್ರದವರು 23 ತಳಿಗಳು ಉಗ್ರ ಅಂತ ಪಟ್ಟಿ ಮಾಡಿ ರಾಜ್ಯಗಳಿಗೆ ಕಳಿಸಿದರು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಯಾರ್ಕಿ ಪಟ್ಟಿಯಲ್ಲಿರಲಿಲ್ಲ. ಲಿಫ್ಟಿನಲ್ಲಿ ಯಾರ್ಕಿ ಜೊತೆ ಸಿಕ್ಕಿಹಾಕಿಕೊಂಡವರನ್ನು ಒಂದು ಮಾತು ಕೇಳಿದ್ದರೆ ಇರುತ್ತಿತ್ತು. ಪಟ್ಟಿ ಮಾಡಲು ಪುರುಸೊತ್ತಿದ್ದವರಿಗೆ 2017ರಲ್ಲಿ ತಾವೇ ತಂದ ನಿಯಮ ಮಾತ್ರ ನೆನಪಿಲ್ಲ. ನಾಯಿ ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಎಂಟು ವಾರ ತುಂಬದ ಮರಿ ಮಾರಬಾರದು. ತಾಯಿಗೆ ಹದಿನೆಂಟು ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು. ಕಾಗದದ ಮೇಲೆ ಎಷ್ಟು ಚೆಂದ! ನಿಮ್ಮ ಬಡಾವಣೆಯ ಯಾವ ಬ್ರೀಡರ್‌ನನ್ನಾದರೂ ನೋಂದಣಿ ಪತ್ರ ತೋರಿಸಿ ಅಂತ ಕೇಳಿ ನೋಡಿ. ನಿಮ್ಮ ನಂಬರ್ ಬ್ಲಾಕ್ ಆಗುತ್ತದೆ.

ಟೀಕಪ್ ತಯಾರಿಸುವ ಕಲೆಯನ್ನಂತೂ ಮೆಚ್ಚಲೇಬೇಕು. ಸೂಲಿನಲ್ಲಿ ಎಲ್ಲಕ್ಕಿಂತ ಸೊರಗಿದ ಮರಿಯನ್ನು ಎತ್ತಿಡಿ. ಇನ್ನೊಂದು ಸೂಲಿನ ಸೊರಗಿದ್ದನ್ನು ಅದಕ್ಕೆ ಜೋಡಿ ಮಾಡಿ. ಹುಟ್ಟಿದ್ದನ್ನು ಐದು ವಾರಕ್ಕೇ ಮಾರಿ, ಕೇಳಿದರೆ ಹತ್ತು ವಾರ ಅನ್ನಿ. ಹತ್ತು ವಾರಕ್ಕೆ ಇಷ್ಟೇನಾ ಅಂತ ಕೊಳ್ಳುವವರ ಕಣ್ಣರಳುತ್ತದೆ. ಜೊತೆಗೊಂದು ಸಲಹೆ: "ಊಟ ಜಾಸ್ತಿ ಹಾಕ್ಬೇಡಿ, ಸೈಜ್ ಹೋಗಿಬಿಡುತ್ತೆ." ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಗಾದೆ ಕಟ್ಟಿದವರು ಯಾರ್ಕಿಯನ್ನು ನೋಡಿರಲಿಕ್ಕಿಲ್ಲ. ಅವರ ಮಾತಿನ ಅಕ್ಷರ ಅಕ್ಷರವೂ ಈಗ ಕಪ್ಪಿನಲ್ಲಿ ಕೂತಿದೆ.

ಆಮೇಲಿನದು ರೀಲಿಗೆ ಬರುವುದಿಲ್ಲ. ನೆತ್ತಿ ಕೂಡಿರುವುದಿಲ್ಲ. ಮಂಡಿಚಿಪ್ಪು ಜಾರುತ್ತದೆ. ಶ್ವಾಸನಾಳ ಕುಸಿದು ಗೂಸ್ ಹಕ್ಕಿಯ ಹಾಗೆ ಕೆಮ್ಮುತ್ತದೆ. ಹಾಲುಹಲ್ಲು ಬೀಳುವುದಿಲ್ಲ. ಸೋಫಾದಿಂದ ಹಾರಿದರೆ ಮುಂಗಾಲು ಮುರಿಯುತ್ತದೆ. ಈ ತಳಿಗೆ ಯಕೃತ್ತಿನ ರಕ್ತನಾಳದ ತೊಂದರೆ ಮೊದಲೇ ಉಂಟು. ಇನ್ನು ತಾಯಿ? ಎರಡು ಕೆಜಿಯ ತಾಯಿಗೆ ಹೆರಿಗೆ ತಾನಾಗಿ ಆಗುವುದು ಕಷ್ಟ, ಹೊಟ್ಟೆ ಕೊಯ್ಯಬೇಕು. ಹೊಲಿಗೆ ಒಣಗುವಷ್ಟರಲ್ಲಿ ಮತ್ತೆ ಬೆದೆಗೆ ಕಾಯುತ್ತಾರೆ. ಊರಾಚೆಯ ತಗಡಿನ ಶೆಡ್ಡು, ತಂತಿ ಪಂಜರ, ಗಂಟುಕಟ್ಟಿದ ಕೂದಲು. ಅದರ ಜುಟ್ಟಿಗೆ ಯಾರೂ ರಿಬ್ಬನ್ ಕಟ್ಟುವುದಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಹೇಳಿ ಹೇಳಿ ಸಾಕಾಗಿದೆ. ಓದಿದವರು, ಎರಡೆರಡು ಕಾರಿಟ್ಟವರು, ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಕು ನೋಡಿ ಕೊಳ್ಳುವವರು, ಒಂದು ಜೀವ ಕೊಳ್ಳುವಾಗ ಅದು ಹುಟ್ಟಿದ ತಾರೀಕು ಕೇಳುವುದಿಲ್ಲ. ನೀವು ಕೇಳಿದಿರಿ ಅಂತ ಅವನು ಸಣ್ಣದು ಮಾಡಿಕೊಟ್ಟ. ಅಷ್ಟೇ.

ನಮ್ಮ ಅಪಾರ್ಟ್‌ಮೆಂಟಿನ ಆಂಟಿಯೊಬ್ಬರು ಹೀಗೇ ಒಂದೂವರೆ ಕೆಜಿ ಗ್ಯಾರಂಟಿಯ ಮರಿ ತಂದರು. ಅದು ತಿಂದು ಉಂಡು ನಾಲ್ಕೂವರೆ ಕೆಜಿ ಆಗಿದೆ. ಮೆಟ್ಟಿಲು ಹತ್ತುತ್ತದೆ, ಸೆಕ್ಯುರಿಟಿಯವರ ಪ್ಯಾಂಟು ಹಿಡಿದು ಎಳೆಯುತ್ತದೆ, ಬೇಸ್‌ಮೆಂಟಿನಲ್ಲಿ ಹೆಗ್ಗಣ ಕಂಡರೆ ಬೆನ್‌ನ ವಂಶದ ಮರ್ಯಾದೆ ಉಳಿಸುತ್ತದೆ. ಆಂಟಿಯದು ಒಂದೇ ಗೋಳು. "ಮೋಸ ಹೋದ್ವಿ ಕಣಪ್ಪ. ಇಷ್ಟು ದೊಡ್ಡದಾಗುತ್ತೆ ಅಂತ ಗೊತ್ತಿದ್ರೆ ತರ್ತಾನೇ ಇರ್ಲಿಲ್ಲ." ಇಂಥ ಮೋಸ ಇನ್ನೂ ನಾಲ್ಕು ಜನರಿಗೆ ಆಗಲಿ ಅಂತ ಹರಸಿದೆ. ಅವರಿಗೆ ಹಿಡಿಸಲಿಲ್ಲ.

ಹಾಗಾದರೆ ದೊಡ್ಡದಾದ ಮೇಲಿನ ಗಾತ್ರ ಲೆಕ್ಕಕ್ಕೇ ಇಲ್ವಾ? ಇದೆ. ಮನೆಯಲ್ಲಿ ಓಡಾಡುವ ಮಗು ಇದ್ದರೆ ಒಂದು ಕೆಜಿ ಜಾಸ್ತಿ ಇರುವುದನ್ನೇ ತನ್ನಿ, ಕಾಲಡಿ ಸಿಕ್ಕರೂ ಬದುಕಿಕೊಳ್ಳುತ್ತದೆ. ಹನ್ನೆರಡು ವಾರದ ಮರಿಯ ತೂಕ ಎಷ್ಟಿದೆಯೋ ದೊಡ್ಡದಾದ ಮೇಲೆ ಅದರ ಎರಡರಷ್ಟು ಆಗುತ್ತದೆ ಅಂತ ಬಲ್ಲವರು ಅಂದಾಜು ಹಾಕುತ್ತಾರೆ. ಅಂದಾಜು ಅಷ್ಟೇ, ಬಾಂಡ್ ಪೇಪರ್ ಅಲ್ಲ. ಅದಕ್ಕಿಂತ ಸುಲಭ, ತಾಯಿಯನ್ನು ತೋರಿಸಿ ಅನ್ನಿ.

"ಅದು ಫಾರ್ಮ್‌ನಲ್ಲಿದೆ ಸರ್, ದೂರ."

"ಪರವಾಗಿಲ್ಲ, ಬರ್ತೀನಿ."

"ಅಲ್ಲಿ ಹೊರಗಿನವರನ್ನ ಬಿಡಲ್ಲ ಸರ್, ಇನ್‌ಫೆಕ್ಷನ್ ಆಗುತ್ತೆ."

"ವಿಡಿಯೋ ಕಾಲ್?"

"ನೆಟ್‌ವರ್ಕ್ ಇಲ್ಲ ಸರ್ ಅಲ್ಲಿ. ಇನ್ನೊಂದು ಪಾರ್ಟಿ ಕೇಳ್ತಿದೆ, ಬೇಗ ಹೇಳಿ."

ಅಷ್ಟರಲ್ಲಿ ನಿಮ್ಮ ಮೊಬೈಲಿಗೆ ಅಡ್ವಾನ್ಸಿನ ಕ್ಯೂಆರ್ ಕೋಡ್ ಬಂದಿರುತ್ತದೆ. ಅದು ಮಾತ್ರ ಫುಲ್ ಸೈಜು.