ಬೋರ್‌ನಲ್ಲಿ ಗಾಳಿ ಬಂದವರಿಗೆ ಅಭಿನಂದನೆಗಳು

ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮ ದೊಡ್ಡಪ್ಪನ ಅಡಿಕೆ ತೋಟವಿದೆ. ಅದರಲ್ಲಿ ನಾಲ್ಕು ಬೋರ್. ಒಂದರಲ್ಲಿ ಒಂದೂವರೆ ಇಂಚು ನೀರು, ಉಳಿದ ಮೂರರಲ್ಲಿ ಗಾಳಿ. ಇಷ್ಟು ದಿನ ಆ ಮೂರನ್ನೂ ಸುಮ್ನೆ ನಷ್ಟದ ಲೆಕ್ಕಕ್ಕೆ ಬರೆದುಕೊಂಡಿದ್ದೆವು. ತಪ್ಪು ನಮ್ಮದೇ.

ಆಫ್ರಿಕಾದ ಮಾಲಿ ದೇಶದಲ್ಲಿ ಬುರಾಕೆಬುಗು ಅಂತ ಒಂದು ಹಳ್ಳಿ. 1987ರಲ್ಲಿ ಅಲ್ಲೂ ನೀರಿಗಾಗಿ ಬೋರ್ ಕೊರೆಸಿದರು. 108 ಮೀಟರ್ ಇಳಿದರೂ ಹನಿ ನೀರಿಲ್ಲ, ಬರೀ ಗಾಳಿ. (ಸರಿಯಾಗಿ ಅಷ್ಟೋತ್ತರ ಮುಗಿಸಿ ಕೈಬಿಟ್ಟಿದ್ದಾರೆ, ಪುಣ್ಯವಂತರು. ಅಂದರೆ 354 ಅಡಿ. ನಮ್ಮಲ್ಲಿ ಅಷ್ಟಕ್ಕೆ ರಿಗ್‌ನವರು ಟೀ ಕುಡಿಯೋಕೂ ನಿಲ್ಲಿಸಲ್ಲ.) ಒಬ್ಬಾತ ಸಿಗರೇಟ್ ಕಚ್ಚಿಕೊಂಡು ಗುಂಡಿಗೆ ಬಗ್ಗಿ ನೋಡಿದ. ಢಮಾರ್! ಮುಖ ಸುಟ್ಟುಕೊಂಡ. ಸಿಮೆಂಟ್ ಬಡಿದು ಬೋರ್ ಮುಚ್ಚಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ತೆರೆದು ನೋಡಿದರೆ ಆ ಗಾಳಿಯಲ್ಲಿ ಶೇ 98ರಷ್ಟು ಹೈಡ್ರೋಜನ್! ಅದನ್ನೇ ಉರಿಸಿ ಹಳ್ಳಿಗೆ ಕರೆಂಟ್ ಕೊಟ್ಟರು.

ಈ ಕಥೆ ನಮ್ಮ ಜಿಲ್ಲೆಯ ಪುಢಾರಿಗಳ ಕಿವಿಗೆ ಇನ್ನೂ ಬಿದ್ದಿಲ್ಲ. ಬಿದ್ದ ದಿನ ಏನಾಗುತ್ತದೆ ಅಂತ ನನಗೆ ಈಗಲೇ ಕಾಣುತ್ತಿದೆ.

ಮೊದಲು ಫ್ಲೆಕ್ಸ್. ಆಮೇಲೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಪಾಯಿಂಟ್ ತೋರಿಸುವವರು ರೇಟು ಏರಿಸುತ್ತಾರೆ. ಕಾಯಿ ಎದ್ದು ನಿಂತರೆ ನೀರು, ಮಲಗಿದರೆ ಹೈಡ್ರೋಜನ್. ಇನ್ನು ಮೇಲೆ ಪಾಯಿಂಟ್ ಫೇಲ್ ಆಗುವ ಮಾತೇ ಇಲ್ಲ.

ಗುತ್ತಿಗೆದಾರರಿಗಂತೂ ಹಬ್ಬ. ಹೈಡ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉರಿದರೂ ಹಗಲಲ್ಲಿ ಜ್ವಾಲೆ ಕಾಣುವುದು ಕಷ್ಟ. ಬಿಲ್ ಮಾಡೋಕೆ ಇದಕ್ಕಿಂತ ಒಳ್ಳೆ ಸರಕು ಇದೆಯಾ? ರಸ್ತೆಯಾದರೆ ಗುಂಡಿಯಾದರೂ ಕಾಣುತ್ತದೆ.

ಆದರೆ ಹೈಡ್ರೋಜನ್ ಹುಟ್ಟುವ ಒಂದು ದಾರಿ ನೋಡಿದರೆ ಅಲ್ಲೊಂದು ತೊಡಕಿದೆ. ಜಪಾನ್, ಇಂಡೋನೇಷ್ಯಾ, ನಮ್ಮ ಅಂಡಮಾನ್ ಕಡೆಯೆಲ್ಲ ಸಮುದ್ರದ ತಳದ ಭೂಫಲಕ ಇನ್ನೊಂದರ ಅಡಿಗೆ ನುಗ್ಗುತ್ತದೆ. ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆಳದ ಬಿಸಿಯಲ್ಲಿ ಕಬ್ಬಿಣವಿರುವ ಹಸಿರು ಕಲ್ಲಿಗೆ ಆ ನೀರು ತಾಗಿದರೆ ಒಂಥರಾ ತುಕ್ಕು ಶುರುವಾಗುತ್ತದೆ. ಕಬ್ಬಿಣ ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಹೈಡ್ರೋಜನ್ ಬೀದಿಗೆ ಬೀಳುತ್ತದೆ. ಅಲ್ಲಿನ ಜ್ವಾಲಾಮುಖಿಗಳು ಉಗುಳುವ ಅನಿಲದಲ್ಲೂ ಅದು ಒಂದಿಷ್ಟು ಇರುತ್ತದೆ. ನೋಡಿದಿರಾ, ಈ ಗಾಳಿಗೂ ಮೊದಲು ನೀರೇ ಬೇಕು!

ನೀರಿನ ವಿಷಯ ಬಿಡಿ. 2023ರ ಕೇಂದ್ರ ಬಜೆಟ್‌ನಲ್ಲಿ ನಮ್ಮ ಕಡೆಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಅಂದರು. ಕೊಡಿ, ಕೊಡ್ತೀವಿ ಅನ್ನೋ ಜಗಳದಲ್ಲೇ ವರ್ಷಗಳು ಉರುಳಿದವು.

ಜ್ವಾಲಾಮುಖಿಗೆ ಮಾತ್ರ ಚಿಂತೆಯಿಲ್ಲ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನೊಳಗೆ ಉಕ್ಕಿ, ದಿಂಬು ದಿಂಬಾಗಿ ಗಟ್ಟಿಯಾದ ಲಾವಾ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇನ್ನೇನು, ಅರ್ಜಿ ಹಾಕಬಹುದು. ಕೌಂಟರ್‌ನಲ್ಲಿ ಮಾತುಕತೆ ಹೀಗೆ ನಡೆಯುತ್ತದೆ:

“ಪಹಣಿ ತಂದಿದ್ದೀರಾ?”

“ತಂದಿದ್ದೀನಿ ಸಾರ್.”

“ಇದರಲ್ಲಿ ಜ್ವಾಲಾಮುಖಿ ಅಂತ ಎಲ್ಲೂ ನಮೂದಾಗಿಲ್ಲವಲ್ರೀ?”

“ಆರಿಹೋಗಿದೆ ಸಾರ್.”

“ಹಾಗಾದರೆ ಮರಣ ಪ್ರಮಾಣಪತ್ರ ತನ್ನಿ. ವಂಶವೃಕ್ಷವೂ ಬೇಕು. ಸರ್ವರ್ ಡೌನ್ ಇದೆ, ಸೋಮವಾರ ಬನ್ನಿ.”

ಗಾಳಿ ಸಿಕ್ಕರೂ ಹಿಡಿದಿಡುವುದು ಸುಲಭವಲ್ಲ. ಅಣುಗಳಲ್ಲೆಲ್ಲ ಇದೇ ಚಿಕ್ಕದು, ಎಂಥ ಸಣ್ಣ ಸಂದಿನಲ್ಲೂ ನುಸುಳುತ್ತದೆ. ಕಿಂಡಿಯಲ್ಲಿ ನುಸುಳಿದವರನ್ನು ತಡೆಯೋಕೆ ನಮ್ಮ ದುರ್ಗದಲ್ಲಿ ಇದ್ದದ್ದು ಒಬ್ಬಳೇ ಓಬವ್ವ. ಈಗ ಆ ಹುದ್ದೆಗೆ ಹೊರಗುತ್ತಿಗೆಯಲ್ಲಿ ಹನ್ನೊಂದು ತಿಂಗಳಿಗೆ ನೇಮಕ ಮಾಡಿಕೊಳ್ಳುತ್ತಾರೆ. ಒನಕೆಗೆ ಬೇರೆ ಟೆಂಡರ್.

ಮೊನ್ನೆ ಇದನ್ನೆಲ್ಲ ದೊಡ್ಡಪ್ಪನಿಗೆ ವಿವರವಾಗಿ ಹೇಳಿದೆ. ಅವರು ಎರಡನೇ ಬೋರ್‌ಗೆ ಮುಚ್ಚಿದ್ದ ಚಪ್ಪಡಿ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು. “ಅಂದ್ರೆ ಇದರೊಳಗೂ ಇರಬೌದು ಅಂತೀಯ?” ಅಂದರು.

“ಇರಬಹುದು ದೊಡ್ಡಪ್ಪ. ಪರೀಕ್ಷೆ ಮಾಡಿಸಬೇಕು.”

“ಅದಕ್ಕೆ ಯಾರನ್ನ ಕರೀಬೇಕು ಬಿಡಪ್ಪ” ಅಂತ ಅವರು ಜೇಬಿನಿಂದ ಬೀಡಿ ತೆಗೆದರು. ಆಮೇಲೆ ಚಪ್ಪಡಿಯನ್ನು ಒಂದು ಕಡೆಯಿಂದ ಎತ್ತೋಕೆ ಕೈ ಹಾಕು ಅಂದರು.