ಹಳೇ ವಾಲ್ವ್ ಆಂಪ್ಲಿಫೈಯರ್ ಕಿತ್ತು 4440 ಬೋರ್ಡ್ ಹಾಕಬೇಡಿ, ದಯವಿಟ್ಟು

ವಾಲ್ವ್ ಅಂದ್ರೆ ಟ್ರಾನ್ಸಿಸ್ಟರ್ ಬರೋ ಮೊದಲು ಸದ್ದು ಹೆಚ್ಚಿಸೋಕೆ ಬಳಸುತ್ತಿದ್ದ, ಗಾಜಿನ ಬಲ್ಬಿನಂಥ ಸಾಮಾನು. ನಮ್ಮ ಬಳ್ಳಾರಿ ಕಡೆ ಯಾರದಾದ್ರೂ ಮನೆಯ ಅಟ್ಟದಿಂದ ಹಳೇ ವಾಲ್ವ್ ಆಂಪ್ಲಿಫೈಯರ್ ಕೆಳಗಿಳಿದರೆ ಅದಕ್ಕೆ ಇರೋದು ಎರಡೇ ದಾರಿ. ಒಂದು ಗುಜರಿ ಅಂಗಡಿ. ಅಲ್ಲಿ ಟ್ರಾನ್ಸ್‌ಫಾರ್ಮರ್ ಒಡೆದು ತಾಮ್ರವನ್ನು ತೂಕಕ್ಕೆ ಹಾಕುತ್ತಾರೆ. ಇನ್ನೊಂದು ರಿಪೇರಿ ಅಂಗಡಿ. ಅಲ್ಲಿ ಒಳಗಿನದನ್ನೆಲ್ಲ ಕಿತ್ತು, 4440 ಐಸಿ ಬೋರ್ಡೋ (ಒಂದೇ ಚಿಪ್‌ನ ಆಂಪ್ಲಿಫೈಯರ್), ಬ್ಲೂಟೂತ್ ಇರುವ ಚೀನಾ ಬೋರ್ಡೋ ಕೂರಿಸಿ, "ನೋಡ್ರಿ, ಹೊಸದಾಯ್ತು" ಅಂತ ಕೈಗೆ ಕೊಡುತ್ತಾರೆ. ನನಗೆ ಹೆಚ್ಚು ಸಂಕಟ ಆಗೋದು ಈ ಎರಡನೆಯದಕ್ಕೆ. ಯಾಕಂದ್ರೆ ಅಲ್ಲಿಗೆ ತಂದವರು ಅದನ್ನ ಉಳಿಸಿಕೊಳ್ಳಬೇಕು ಅಂತಲೇ ತಂದಿರುತ್ತಾರೆ.

ಗುಜರಿಗೆ ಹಾಕೋ ಮೊದಲು, ಬೋರ್ಡ್ ಹಾಕಿಸೋ ಮೊದಲು ಇದನ್ನ ಓದಿ. ಇಂಥ ಆಂಪ್ಲಿಫೈಯರ್ ಒಳಗೆ ವಯಸ್ಸಾಗೋದು ಕೆಲವೇ ಸಾಮಾನುಗಳಿಗೆ. ಅವನ್ನ ಬದಲಿಸಿದರೆ ಉಳಿದದ್ದು ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ ಕಂಟೋನ್ಮೆಂಟ್ ಕಡೆಯ ಒಬ್ಬ ಹುಡುಗ ತನ್ನ ಅಜ್ಜನ ಗಿಟಾರ್ ಆಂಪ್ ಆಟೋದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದ. ಅಜ್ಜ ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರಂತೆ. ಗಣೇಶನ ಹಬ್ಬ, ಮದುವೆ, ಜಾತ್ರೆ, ಕನ್ನಡ ಹಾಡು, ತೆಲುಗು ಹಾಡು ಎರಡೂ. ಪೆಟ್ಟಿಗೆ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಯಾರೋ ಒಳ್ಳೇ ಮೆಕ್ಯಾನಿಕ್ ಕೈಯಲ್ಲೇ ಕಟ್ಟಿದ್ದು. ಮರದ ಪೆಟ್ಟಿಗೆ, ಮೇಲೆ ಕಪ್ಪು ರೆಕ್ಸಿನ್, ಒಳಗೆ ಸ್ಪೀಕರ್ ನಡೆಸುವ ಎರಡು ಇಎಲ್84 ವಾಲ್ವ್, ಗಿಟಾರಿನ ಸಣ್ಣ ಸಿಗ್ನಲ್ ಹೆಚ್ಚಿಸುವ ಎರಡು ಇಸಿಸಿ83, ಎಸಿಯನ್ನ ಡಿಸಿ ಮಾಡುವ ರೆಕ್ಟಿಫೈಯರ್ ಜಾಗದಲ್ಲಿ ಒಂದು ಇಜೆಡ್81. ಗಾಜಿನ ಮೇಲೆ ಬಿಇಎಲ್ ಅನ್ನೋ ಅಕ್ಷರ ಅರ್ಧ ಅಳಿಸಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲಕ್ಕೆ ಇಂಥ ವಾಲ್ವ್‌ಗಳನ್ನ ಮಾಡುತ್ತಿತ್ತು. ಇಂಗ್ಲೆಂಡಿನ ವಾಕ್ಸ್ ಎಸಿ15 ಅನ್ನೋ ಹೆಸರಾಂತ ಗಿಟಾರ್ ಆಂಪ್‌ನಲ್ಲೂ ಎರಡು ಇಎಲ್84, ಒಂದು ಇಜೆಡ್81 ಇರುತ್ತಿದ್ದವು. ಅದೇ ಜಾತಿಯ ಸರ್ಕ್ಯೂಟನ್ನ ನಮ್ಮವರೊಬ್ಬರು ಇಲ್ಲೇ ಸಿಕ್ಕ ಸಾಮಾನಿನಲ್ಲಿ ಕಟ್ಟಿದ್ದರು. ವೈರಿಂಗ್ ನೋಡಿದರೆ ಗೊತ್ತಾಗುತ್ತದೆ, ಅವಸರದ ಕೈ ಅಲ್ಲ. ಒಂದೊಂದು ವೈರನ್ನೂ ಮೂಲೆಯಲ್ಲಿ ಸರಿಯಾಗಿ ಬಗ್ಗಿಸಿ, ದಾರ ಸುತ್ತಿ ಕಟ್ಟಿದ್ದಾರೆ.

"ಅಣ್ಣಾ, ಪ್ಲಗ್ ಹಾಕಿ ನೋಡಾಣಾ?" ಅಂದ ಹುಡುಗ.

ಬೇಡ. ಎಲ್ಲರೂ ಮೊದಲು ಮಾಡೋದೇ ಇದು, ಮಾಡಬಾರದ್ದೂ ಇದೇ. ವರ್ಷಗಟ್ಟಲೆ ಸುಮ್ನೆ ಕೂತ ವಾಲ್ವ್ ಸೆಟ್‌ಗೆ ನೇರವಾಗಿ ಕರೆಂಟ್ ಕೊಟ್ಟರೆ ಒಣಗಿದ ಕಂಡೆನ್ಸರ್ (ಕೆಪಾಸಿಟರ್, ಚಾರ್ಜ್ ಕೂಡಿಟ್ಟುಕೊಳ್ಳುವ ಸಾಮಾನು) ಶಾರ್ಟ್ ಆಗಿ, ರೆಕ್ಟಿಫೈಯರ್ ವಾಲ್ವನ್ನೂ ಮೇನ್ ಟ್ರಾನ್ಸ್‌ಫಾರ್ಮರನ್ನೂ ತನ್ನ ಜೊತೆಗೇ ಕರೆದುಕೊಂಡು ಹೋಗಬಹುದು. ಕಂಡೆನ್ಸರ್ ಎಲ್ಲಿ ಬೇಕಾದ್ರೂ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಸಿಗಲ್ಲ.

ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ನಮ್ಮ ಊರಿನ ಕೆಂಪು ಧೂಳು. ಅದಿರಿನ ಲಾರಿ ಓಡಾಡಿದ ಊರಲ್ಲಿ ಇಷ್ಟು ವರ್ಷ ಇದ್ದದ್ದಲ್ವಾ, ವಾಲ್ವ್ ಸಿಕ್ಕಿಸುವ ಬೇಸ್‌ಗಳ ಪಿನ್ನುಗಳ ಮಧ್ಯೆ ಕೂಡ ಕೂತುಬಿಟ್ಟಿತ್ತು. ಮಳೆಗಾಲದ ತೇವ ಸೇರಿದರೆ ಆ ಧೂಳೇ ಕರೆಂಟ್ ಲೀಕೇಜ್‌ಗೆ ದಾರಿ. ಒಣ ಬ್ರಶ್ಶಿನಲ್ಲಿ ತೆಗೆದು, ಬೇಸ್‌ಗಳಿಗೂ ಕಂಟ್ರೋಲ್‌ಗಳಿಗೂ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಆಮೇಲೆ ಫ್ಯೂಸ್ ನೋಡಿದೆ. ಗಾಜಿನ ಫ್ಯೂಸ್ ಸುಟ್ಟು, ಅದರ ಮೇಲೆ ಯಾರೋ ತಾಮ್ರದ ಎಳೆ ಸುತ್ತಿದ್ದರು. ಮೇನ್ಸ್ ವೈರ್ ಎರಡೇ ಎಳೆಯದು, ಅರ್ಥಿಂಗ್ ಇಲ್ಲ.

ಈ ಅರ್ಥಿಂಗ್ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಗಿಟಾರ್ ತಂತಿಗಳು ಕೇಬಲ್ ಮೂಲಕ ಆಂಪ್‌ನ ಚಾಸಿಗೇ (ಒಳಗಿನ ಲೋಹದ ಚೌಕಟ್ಟಿಗೆ) ಸೇರಿರುತ್ತವೆ. ಚಾಸಿಗೆ ಫೇಸ್ ತಾಗಿದರೆ ತಂತಿಗೂ ಬಂತು ಅಂತಲೇ ಅರ್ಥ. ನುಡಿಸೋನು ಒಂದು ಕೈಯಲ್ಲಿ ಗಿಟಾರ್ ಹಿಡಿದು, ಹಾಡೋಕೆ ಮೈಕಿಗೆ ಬಾಯಿ ತಾಗಿಸಿದರೆ ಮುಗಿದೇ ಹೋಯಿತು. ಸ್ಟೇಜಿನ ಮೇಲೆ "ಸಣ್ಣಗೆ ಶಾಕ್ ಹೊಡಿತೈತಿ, ಪ್ಲಗ್ ತಿರುಗಿಸಿ ಹಾಕು" ಅನ್ನೋದನ್ನ ನಾನೂ ಕೇಳಿದ್ದೇನೆ. ಅದು ರಿಪೇರಿ ಅಲ್ಲ. ಮೂರು ಎಳೆಯ ವೈರ್, ಮೂರು ಪಿನ್ನಿನ ಪ್ಲಗ್, ಅರ್ಥ್ ವೈರನ್ನ ಚಾಸಿಗೆ ಬೋಲ್ಟ್ ಹಾಕಿ ಬಿಗಿಯೋದು. ಹಳೆಯದು ಹಳೆಯದಾಗಿಯೇ ಇರಲಿ ಅನ್ನೋ ವಾದ ಇಲ್ಲಿ ನಡೆಯಲ್ಲ. ಫ್ಯೂಸ್ ಕೂಡ ಸರಿಯಾದ ಅಳತೆಯದೇ ಹಾಕಬೇಕು.

ಇನ್ನೊಂದು ಮಾತು. ಇದು ಮೊಬೈಲ್ ಚಾರ್ಜರ್ ರಿಪೇರಿ ಅಲ್ಲ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೂ, ಡಿಸಿಯನ್ನ ಏರಿಳಿತ ಇಲ್ಲದಂತೆ ಸಮ ಮಾಡುವ ಫಿಲ್ಟರ್ ಕಂಡೆನ್ಸರ್‌ನಲ್ಲಿ 300 ವೋಲ್ಟ್ ಡಿಸಿ ಕೂತಿರಬಹುದು. 10ಕೆ (10 ಸಾವಿರ ಓಮ್), 5 ವ್ಯಾಟ್ ರೆಸಿಸ್ಟರ್‌ಗೆ ಚೆನ್ನಾಗಿ ಸ್ಲೀವ್ ಹಾಕಿದ ವೈರ್ ಸೇರಿಸಿ ಚಾರ್ಜ್ ಇಳಿಸಿ, ಮೀಟರ್ ಇಟ್ಟು ಸೊನ್ನೆ ಅಂತ ನೋಡಿದ ಮೇಲೇ ಒಳಗೆ ಕೈ. ಆನ್ ಇರುವಾಗ ಅಳೆಯಬೇಕಾದರೆ ಒಂದು ಕೈ ಬೆನ್ನ ಹಿಂದೆ. ಗೊತ್ತಿಲ್ಲದವರು ಗೊತ್ತಿದ್ದವರ ಪಕ್ಕ ಕೂತು ಕಲಿಯಲಿ, ಒಬ್ಬರೇ ಶುರು ಮಾಡೋದು ಬೇಡ.

ಮೊದಲ ಕರೆಂಟ್ ಕೊಟ್ಟದ್ದು ಸೀರೀಸ್ ಬೋರ್ಡಿನಲ್ಲಿ. ಹಳೇ ರೇಡಿಯೋ ಮೆಕ್ಯಾನಿಕ್‌ಗಳ ಟೇಬಲ್ ಮೇಲೆ ಇದು ಇದ್ದೇ ಇರುತ್ತಿತ್ತು. ಮೇನ್ಸಿಗೆ ಸಾಲಾಗಿ ಒಂದು 60 ವ್ಯಾಟ್ ಹಳೇ ಫಿಲಮೆಂಟ್ ಬಲ್ಬು, ಅಷ್ಟೇ. ಎಲ್‌ಇಡಿ ಬಲ್ಬು ಇದಕ್ಕೆ ಆಗಲ್ಲ. ವಾಲ್ವ್ ಎಲ್ಲ ಕಿತ್ತಿಟ್ಟು ಸ್ವಿಚ್ ಹಾಕಿದರೆ ಬಲ್ಬು ಒಮ್ಮೆ ಮಿನುಗಿ ಮಂಕಾಗಬೇಕು. ಪೂರ್ತಿ ಬೆಳಗಿದರೆ ಟ್ರಾನ್ಸ್‌ಫಾರ್ಮರ್ ಒಳಗೇ ಶಾರ್ಟ್. ನಮ್ಮದು ಮಂಕಾಯಿತು. ಹೀಟರ್ ವೈಂಡಿಂಗ್‌ನಲ್ಲಿ 6.3 ವೋಲ್ಟಿನ ಹತ್ತಿರಕ್ಕೆ ಬಂತು. ಆ ಹೊತ್ತಿಗೆ ನನಗೆ ಧೈರ್ಯ ಬಂತು, ಇದು ಬದುಕುತ್ತದೆ ಅಂತ.

ಆಮೇಲೆ ಕಂಡೆನ್ಸರ್‌ಗಳು. ಫಿಲ್ಟರ್ ಕಂಡೆನ್ಸರ್ ಒಳಗಿರೋದು ಒಂಥರಾ ದ್ರವ. ವರ್ಷ ಹೋದ ಹಾಗೆ ಅದು ಒಣಗುತ್ತದೆ. ಶಾಖ 10 ಡಿಗ್ರಿ ಜಾಸ್ತಿಯಾದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಈ ಕೆಲಸದವರ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಮೇಲೆ ಪೆಟ್ಟಿಗೆಯೊಳಗೆ ಉರಿಯುವ ವಾಲ್ವ್‌ಗಳ ಕಾವು ಬೇರೆ. ಹಾಗಾಗಿ ಬಳ್ಳಾರಿ, ರಾಯಚೂರು ಕಡೆ ಸಿಗುವ ಹಳೇ ಸೆಟ್‌ನಲ್ಲಿ ಫಿಲ್ಟರ್ ಕಂಡೆನ್ಸರ್ ಚೆನ್ನಾಗಿದೆ ಅಂತ ನಾನು ಯಾವತ್ತೂ ನಂಬಲ್ಲ. ಇದರಲ್ಲಿದ್ದ 32+32 ಮೈಕ್ರೋಫ್ಯಾರಡ್, 450 ವೋಲ್ಟಿನ ಅಲ್ಯೂಮಿನಿಯಂ ಡಬ್ಬಿಯ ತಳ ಉಬ್ಬಿ, ಪಕ್ಕದಲ್ಲಿ ಬಿಳಿ ಉಪ್ಪು ಕಟ್ಟಿತ್ತು. ಡಬ್ಬಿಯನ್ನ ಜಾಗದಲ್ಲೇ ಬಿಟ್ಟು, ಅದರ ವೈರ್ ಬಿಡಿಸಿ, ಕೆಳಗೆ ಹೊಸ 33 ಮೈಕ್ರೋಫ್ಯಾರಡ್‌ನವು ಎರಡು ಹಾಕಿದೆ. "ದೊಡ್ಡದು ಹಾಕಿದರೆ ಇನ್ನೂ ಒಳ್ಳೇದಲ್ವಾ" ಅಂತ ಕೆಲವರು ಕೇಳುತ್ತಾರೆ. ರೆಕ್ಟಿಫೈಯರ್ ವಾಲ್ವ್‌ಗೆ ಮುಂದಿನ ಮೊದಲ ಕಂಡೆನ್ಸರ್ ಎಷ್ಟು ದೊಡ್ಡದಿರಬಹುದು ಅಂತ ಮಿತಿ ಇದೆ. ಇಜೆಡ್81ಗೆ ಅದು 50 ಮೈಕ್ರೋಫ್ಯಾರಡ್. ದಾಟಿದರೆ ವಾಲ್ವ್ ಹೋಗುತ್ತದೆ.

ಈಗ ಬರೋದು ಈ ಆಂಪ್‌ನ ಅಸಲಿ ರೋಗ. ಹುಡುಗನ ಮನೆಯಲ್ಲಿ ಒಂದು ಮಾತು ಹೇಳಿದ್ದರಂತೆ: ಬಲಗಡೆ ವಾಲ್ವ್ ಯಾವಾಗಲೂ ಸುಡುತ್ತಿತ್ತು, ಬದಲಿಸಿ ಬದಲಿಸಿ ಅಜ್ಜ ಬೇಸತ್ತು ಅಟ್ಟಕ್ಕೆ ಹಾಕಿದರು. ಪೆಟ್ಟಿಗೆಯ ಮೂಲೆಯಲ್ಲಿ ಸುಟ್ಟ ಇಎಲ್84ಗಳೂ ಸಿಕ್ಕವು. ಪ್ರತಿ ಸಲ ವಾಲ್ವ್ ಬದಲಿಸಿದ್ದಾರೆ. ಅದು ಯಾಕೆ ಸುಡುತ್ತದೆ ಅಂತ ಯಾರೂ ಕೇಳಿಲ್ಲ.

ಇದನ್ನ ಹುಡುಕೋದು ಸುಲಭ. ಎರಡೂ ಇಎಲ್84 ಕಿತ್ತು, ಉಳಿದವನ್ನ ಇಟ್ಟು ಆನ್ ಮಾಡಿ, ಬೇಸ್‌ನ 2ನೇ ಪಿನ್ನಿನಲ್ಲಿ ಡಿಸಿ ಅಳೆಯಬೇಕು. ಅದು ಗ್ರಿಡ್, ವಾಲ್ವ್‌ನ ಕರೆಂಟನ್ನ ಹಿಡಿತದಲ್ಲಿಡುವ ಭಾಗ. ಅಲ್ಲಿ ಸೊನ್ನೆ ಇರಬೇಕು. ಎಡಗಡೆ ಸೊನ್ನೆ. ಬಲಗಡೆ ಮೀಟರ್ ಮುಳ್ಳು ನಿಧಾನಕ್ಕೆ ಎದ್ದು 7 ವೋಲ್ಟ್ ಹತ್ತಿರ ನಿಂತಿತು. ಹಿಂದಿನ ವಾಲ್ವ್‌ನಿಂದ ಸಿಗ್ನಲ್ ದಾಟಿಸಿ, ಡಿಸಿ ತಡೆಯಬೇಕಾದ ಪೇಪರ್ ಕಂಡೆನ್ಸರ್ ಲೀಕ್ ಆಗುತ್ತಿತ್ತು. ಗ್ರಿಡ್‌ಗೆ ಪ್ಲಸ್ ಬಂದರೆ ವಾಲ್ವ್ ತನಗೆ ತಡೆಯಲಾರದಷ್ಟು ಕರೆಂಟ್ ಎಳೆಯುತ್ತದೆ, ಪ್ಲೇಟ್ ಕೆಂಪಗೆ ಕಾಯುತ್ತದೆ, ಸುಡುತ್ತದೆ. ಕೆಲವೇ ರೂಪಾಯಿಯ ಸಾಮಾನಿನ ತಪ್ಪಿಗೆ ಅಷ್ಟೂ ವಾಲ್ವ್‌ಗಳು ಬಲಿಯಾಗಿದ್ದವು. ಎರಡೂ ಕಡೆ ಹೊಸ ಫಿಲ್ಮ್ ಕಂಡೆನ್ಸರ್ ಹಾಕಿ, ಹೈದರಾಬಾದಿನ ಕೋಠಿಯಿಂದ ತರಿಸಿದ ಇಎಲ್84 ಜೋಡಿ ಕೂರಿಸಿದೆ. ಎರಡರ ಕರೆಂಟೂ ಸೇರಿ ಹಾಯುವ 130 ಓಮ್‌ನ ಕ್ಯಾಥೋಡ್ ರೆಸಿಸ್ಟರ್ ಮೇಲೆ ಹತ್ತೂವರೆ ವೋಲ್ಟ್ ಬಂತು. ವೋಲ್ಟನ್ನ ಓಮ್‌ನಿಂದ ಭಾಗಿಸಿದರೆ ಸುಮಾರು 80 ಮಿಲಿಆಂಪ್, ಒಂದೊಂದಕ್ಕೆ 40. ಇಎಲ್84ನ ಪ್ಲೇಟ್ ತಡೆಯೋದು 12 ವ್ಯಾಟ್, ಕರೆಂಟನ್ನ ವೋಲ್ಟೇಜಿಗೆ ಗುಣಿಸಿ ನೋಡಿದರೆ ನಮ್ಮದು ಅದರೊಳಗೇ ಇತ್ತು.

ಸ್ಪೀಕರ್ ಕೊಟ್ಟು ಕೇಳಿದೆ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಜೋರಾಗಿ ನಡೆಸಲೇಬಾರದು, ವಾಲ್ವ್‌ನಿಂದ ಸ್ಪೀಕರ್‌ಗೆ ಸಿಗ್ನಲ್ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸದ್ದು ಬಂತು. ಜೊತೆಗೆ ಸಣ್ಣಗೆ ಗುಂಯ್ ಅನ್ನೋದೂ ಬಂತು, ಎಣ್ಣೆಗೆ ಮಿರ್ಚಿ ಬಿಟ್ಟ ಹಾಗೆ ಚರಚರ ಸದ್ದೂ ಬಂತು.

ಗುಂಯ್ ಅನ್ನೋದರಲ್ಲೂ ಎರಡು ಜಾತಿ. ವಾಲ್ಯೂಮ್ ಸೊನ್ನೆಗೆ ತಂದರೂ ಹಾಗೇ ಇರುವ, ಸ್ವಲ್ಪ ಹರಿತವಾದ 100 ಹರ್ಟ್ಸ್‌ನ ಗುಂಯ್ ಸಾಮಾನ್ಯವಾಗಿ ಫಿಲ್ಟರ್ ಕಂಡೆನ್ಸರ್‌ನಿಂದ ಬರೋದು. ಅದು ನಮಗೆ ಬರಲಿಲ್ಲ, ಕಂಡೆನ್ಸರ್ ಹೊಸದಲ್ವಾ. ಇದು 50 ಹರ್ಟ್ಸ್‌ನ ದಪ್ಪ ಸದ್ದು, ವಾಲ್ಯೂಮ್ ತಿರುಗಿಸಿದ ಹಾಗೆ ಏರುತ್ತಿತ್ತು. ಮೊದಲ ಇಸಿಸಿ83 ಕಿತ್ತೆ, ನಿಂತಿತು. ಅಂದರೆ ರೋಗ ಅದರಲ್ಲೇ, ಇಲ್ಲಾ ಅದಕ್ಕೂ ಹಿಂದೆ. ಗಿಟಾರ್ ಸಿಕ್ಕಿಸುವ ಜಾಕಿನ ಅರ್ಥ್ ಟ್ಯಾಗ್‌ನಲ್ಲಿ ಬೆಸುಗೆ ಸರಿಯಾಗಿ ಹಿಡಿಯದೆ ಡ್ರೈ ಸೋಲ್ಡರ್ ಆಗಿತ್ತು. ಮತ್ತೆ ಬೆಸುಗೆ ಹಾಕಿದ ಮೇಲೆ ಹೋಯಿತು. ಚರಚರಕ್ಕೆ ಬಿದಿರಿನ ಕಡ್ಡಿಯಿಂದ ಒಂದೊಂದೇ ಸಾಮಾನು ತಟ್ಟುತ್ತಾ ಹೋದೆ. 100ಕೆ ಇರಬೇಕಾದ ಒಂದು ಕಾರ್ಬನ್ ರೆಸಿಸ್ಟರ್ 140ಕೆ ತೋರಿಸುತ್ತಿತ್ತು. ಅದನ್ನ ಬದಲಿಸಿದೆ. ಅದರ ಪಕ್ಕದ್ದು ಸರಿಯಾಗೇ ಇತ್ತು, ಅದನ್ನ ಮುಟ್ಟಲಿಲ್ಲ.

ಈ ಮುಟ್ಟದೇ ಇರೋದರ ಬಗ್ಗೆಯೇ ನನಗೆ ಜಗಳ. ಕೆಲವರು ಒಳಗಿನದನ್ನೆಲ್ಲ ಒಂದೇ ಸಲ ಬದಲಿಸಿಬಿಡುತ್ತಾರೆ. ಹಾಗೆ ಮಾಡಿದರೆ ರೋಗ ಎಲ್ಲಿತ್ತು ಅಂತ ಗೊತ್ತೇ ಆಗಲ್ಲ, ಹೊಸ ಬೆಸುಗೆಯ ಹೊಸ ತಪ್ಪುಗಳೂ ಸೇರಿಕೊಳ್ಳುತ್ತವೆ. ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ. ಉಬ್ಬಿದ ಕಂಡೆನ್ಸರ್ ಕೂಡ "ಒರಿಜಿನಲ್" ಅಂತ ಇಟ್ಟುಕೊಳ್ಳುತ್ತಾರೆ. ಷೋಕೇಸಲ್ಲಿ ಇಡೋದಾದರೆ ಇಟ್ಟುಕೊಳ್ಳಲಿ. ನುಡಿಸೋ ಆಂಪ್‌ನಲ್ಲಿ ಹಳೇ ಕಂಡೆನ್ಸರ್ ಉಳಿಸೋದು ಗೌರವ ಅಲ್ಲ, ಟ್ರಾನ್ಸ್‌ಫಾರ್ಮರ್‌ಗೆ ಅಪಾಯ ತರೋದು. ಬದಲಿಸಬೇಕಾದ್ದು ಫಿಲ್ಟರ್ ಕಂಡೆನ್ಸರ್, ಪೇಪರ್ ಕಂಡೆನ್ಸರ್, ಅಳತೆ ತಪ್ಪಿದ ರೆಸಿಸ್ಟರ್, ಸವೆದ ವಾಲ್ವ್, ಮೇನ್ಸ್ ವೈರ್. ಉಳಿಸಬೇಕಾದ್ದು ಟ್ರಾನ್ಸ್‌ಫಾರ್ಮರ್‌ಗಳು, ಚಾಸಿ, ಬೇಸ್‌ಗಳು, ಪೆಟ್ಟಿಗೆ, ಆ ಮೆಕ್ಯಾನಿಕ್‌ನ ವೈರಿಂಗ್.

ಟ್ರಾನ್ಸ್‌ಫಾರ್ಮರ್ ಬಗ್ಗೆ ಇಷ್ಟು ಹೇಳೋಕೆ ಕಾರಣ ಇದೆ. ನಮ್ಮ ಊರಲ್ಲಿ ಬೋರ್‌ವೆಲ್ ಮೋಟಾರ್ ಕಟ್ಟುವ ವೈಂಡಿಂಗ್ ಅಂಗಡಿಗಳಿಗೆ ಬರ ಇಲ್ಲ, ಕೈಯೂ ಒಳ್ಳೇದು. ಮೇನ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅವರು ಕಟ್ಟಿಕೊಡಬಲ್ಲರು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇರೆ ಕಥೆ. ಅದರಲ್ಲಿ ಪ್ರೈಮರಿ, ಸೆಕೆಂಡರಿ ಎರಡನ್ನೂ ಭಾಗ ಮಾಡಿ ಪದರ ಪದರವಾಗಿ ಒಂದರ ಮೇಲೊಂದು ಸುತ್ತಿರುತ್ತಾರೆ. ಸುತ್ತಿನ ಲೆಕ್ಕ, ತಂತಿಯ ಗೇಜ್ ಎರಡೂ ಸರಿಯಿದ್ದು ಈ ಪದರಗಳು ಮಾತ್ರ ತಪ್ಪಿದರೂ ಮೇಲಿನ ಸ್ವರಗಳು ಸತ್ತು ಹೋಗುತ್ತವೆ. ಗುಜರಿಯವರು ತಾಮ್ರಕ್ಕೆ ಅಂತ ಒಡೆಯೋದು ಇದನ್ನೇ.

"ಇಷ್ಟೆಲ್ಲ ಯಾಕ್ರಿ, ಐಸಿಯಲ್ಲೂ ಸದ್ದು ಬರ್ತೈತಲ್ಲ" ಅಂತ ಕೇಳುವವರಿಗೆ ನನ್ನ ಉತ್ತರ ಇದು. ಭಾಷಣಕ್ಕೆ, ಹಾಡು ಹಾಕೋಕೆ ಐಸಿ ಧಾರಾಳವಾಗಿ ಸಾಕು. ಅಲ್ಲಿ ಒಳಗೆ ಹೋದದ್ದೇ ಹೊರಗೆ ಬರಬೇಕು. ಗಿಟಾರ್ ಆಂಪ್ ಹಾಗಲ್ಲ, ಅದು ವಾದ್ಯದ್ದೇ ಅರ್ಧ ಭಾಗ. 4440 ತನ್ನ ಮಿತಿ ದಾಟಿದರೆ ಸದ್ದನ್ನ ಪಟ್ಟನೆ ಕತ್ತರಿಸುತ್ತದೆ, ಕಿವಿಗೆ ಚುಚ್ಚುತ್ತದೆ. ಈ ವಾಲ್ವ್ ಆಂಪ್ ಮಿತಿಗೆ ನಿಧಾನವಾಗಿ ಹತ್ತುತ್ತದೆ. ಮೆಲ್ಲಗೆ ನುಡಿಸಿದರೆ ಶುದ್ಧ ಸದ್ದು, ಬೆರಳು ಬಿಗಿ ಮಾಡಿದರೆ ತಂತಿ ಗುರುಗುಟ್ಟುತ್ತದೆ. ಜೋರಾಗಿ ಹೊಡೆದಾಗ ರೆಕ್ಟಿಫೈಯರ್ ವಾಲ್ವ್‌ನಲ್ಲಿ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ. ಅದೂ ನುಡಿಸೋರ ಕೈಗೆ ಗೊತ್ತಾಗುತ್ತದೆ. ಆ ಹುಡುಗ ನನ್ನ ಅಂಗಡಿಯಲ್ಲೇ ಗಿಟಾರ್ ಸಿಕ್ಕಿಸಿ ನುಡಿಸಿದ. ವಾಲ್ಯೂಮ್ ಮುಟ್ಟದೆ ಬರೀ ಬೆರಳಿನಲ್ಲೇ ಸದ್ದು ಏರಿಸಿ ಇಳಿಸಿದ. ಇದನ್ನ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಾಲ್ವ್ ಸಿಗಲ್ಲ ಅನ್ನೋದೂ ಸುಳ್ಳು. ರಷ್ಯಾ, ಸ್ಲೋವಾಕಿಯಾ, ಚೀನಾದಲ್ಲಿ ಇವತ್ತಿಗೂ ಹೊಸದಾಗಿ ಮಾಡುತ್ತಾರೆ. ಬಿಇಎಲ್‌ನ ಹಳೇ ದಾಸ್ತಾನೂ ಅಲ್ಲಲ್ಲಿ ಡಬ್ಬಿ ಸಮೇತ ಸಿಗುತ್ತದೆ. ವಾಲ್ವ್ ಜೋಡಿ ಬಿಟ್ಟರೆ ಇದಕ್ಕೆ ಹಾಕಿದ ಉಳಿದ ಸಾಮಾನಿನ ಖರ್ಚು ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್‌ಗಿಂತ ಕಡಿಮೆ.

ಬಳ್ಳಾರಿ, ಹೊಸಪೇಟೆ, ಗಂಗಾವತಿ, ಸಿಂಧನೂರು ಕಡೆ ಯಾರ ಮನೆಯಲ್ಲಾದ್ರೂ, ಹಳೇ ನಾಟಕ ಕಂಪನಿಯ ಸಾಮಾನಿನಲ್ಲಾದ್ರೂ, ಚರ್ಚಿನ ಕೋಣೆಯಲ್ಲಾದ್ರೂ ವಾಲ್ವ್ ಆಂಪ್ಲಿಫೈಯರ್ ಇದ್ದರೆ ಸ್ವಿಚ್ ಹಾಕದೆ, ಹಿಂದಿನ ಮುಚ್ಚಳದ ಮತ್ತು ವಾಲ್ವ್‌ಗಳ ಮೇಲಿನ ನಂಬರಿನ ಫೋಟೋ ತೆಗೆದು ನನಗೆ ಮೆಸೇಜ್ ಮಾಡಿ. ಮಾರೋಕೆ ಅಲ್ಲ, ಕೊಳ್ಳೋಕೂ ಅಲ್ಲ. ಏನು ಬದಲಿಸಬೇಕು, ಏನು ಮುಟ್ಟಬಾರದು ಅಂತ ನೋಡಿ ಹೇಳುತ್ತೇನೆ.